ಗಾಳಿಯಲ್ಲಿರುವ ಇಂಗಾಲ ಕಡಿಮೆ ಮಾಡಲು ಗಿಡ ನೆಟ್ಟರೆ ಸಾಲದೇ?

ಸಾಲದು. ಗಿಡ ಬೇಕೇ ಬೇಕು, ಆದರೆ ಕಲ್ಲಿದ್ದಲು, ಪೆಟ್ರೋಲ್, ಗ್ಯಾಸ್ ಸುಟ್ಟು ನಾವು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದೇವೆ. ಅಷ್ಟನ್ನೂ ಹೀರಲು ಗಿಡ ನೆಡುವ ಜಾಗವೇ ಇಲ್ಲ. ಬೆಳೆದ ಮರ ಸುಟ್ಟುಹೋದರೆ ಹೀರಿದ್ದು ಮತ್ತೆ ಗಾಳಿಗೇ.

ಹಾಗಾಗಿ ಬೇರೆ ಉಪಾಯಗಳೂ ಬೇಕು. ಅಂಥ ಉಪಾಯಗಳನ್ನು ಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ, ಗಾಳಿಯಿಂದಲೇ ಇಂಗಾಲದ ಡೈಆಕ್ಸೈಡ್ ಹಿಡಿಯುವ ಐಸ್‌ಲ್ಯಾಂಡಿನ ಓರ್ಕಾ ಘಟಕ. ಅಲ್ಲಿ ನೆಲದೊಳಗಿನ ಬಿಸಿಯಿಂದ ಕರೆಂಟು ತೆಗೆಯುತ್ತಾರೆ. ಆ ಕರೆಂಟಿನಲ್ಲಿ ದೊಡ್ಡ ಫ್ಯಾನ್‌ಗಳು ಗಾಳಿ ಎಳೆಯುತ್ತವೆ, ಫಿಲ್ಟರ್‌ಗಳು ಇಂಗಾಲದ ಡೈಆಕ್ಸೈಡನ್ನು ಹಿಡಿಯುತ್ತವೆ. ಆಮೇಲೆ ಅದನ್ನು ಸೋಡಾ ಥರ ನೀರಿನಲ್ಲಿ ಕರಗಿಸಿ ಬಸಾಲ್ಟ್ ಬಂಡೆಯ ಆಳಕ್ಕೆ ಇಳಿಸುತ್ತಾರೆ. ಬಂಡೆಯ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಎರಡೇ ವರ್ಷದಲ್ಲಿ ಬಹುಪಾಲು ಕಲ್ಲಾಗಿಬಿಡುತ್ತದೆ! (ನಮ್ಮ ವಿಜಯಪುರ, ಬೆಳಗಾವಿ ಕಡೆಯ ಕರಿಕಲ್ಲೂ ಬಸಾಲ್ಟೇ.) ಅದೇ ಕರೆಂಟು ಕಲ್ಲಿದ್ದಲಿನದಾಗಿದ್ದರೆ ಇಷ್ಟೆಲ್ಲ ಮಾಡಿಯೂ ಲಾಭ ಅಷ್ಟಕ್ಕಷ್ಟೇ, ಅಲ್ವಾ?

ಆದರೆ 2021ರಲ್ಲಿ ಶುರುವಾದಾಗ ಓರ್ಕಾದ ಗುರಿ ಇದ್ದದ್ದು ವರ್ಷಕ್ಕೆ ಬರೀ 4,000 ಟನ್. ಹಾಗಾಗಿ ಮೊದಲು ಸೋಲಾರ್, ಗಾಳಿ ವಿದ್ಯುತ್, ಬಸ್ಸು, ರೈಲಿನಿಂದ ಹೊಗೆಯನ್ನೇ ತಗ್ಗಿಸಬೇಕು. ಇರುವ ಕಾಡು ಉಳಿಸಿಕೊಳ್ಳಬೇಕು. ಸಿಮೆಂಟ್, ವಿಮಾನಗಳಂಥ ಸುಲಭವಾಗಿ ಬಗ್ಗದ ಕಡೆಗಳಿಂದ ಬರುವ ಇಂಗಾಲಕ್ಕೆ ಈ ಯಂತ್ರಗಳು.