ಜ್ಯಾಕ್ ಫ್ರಾಸ್ಟ್? ಧೈರ್ಯವಾಗಿ ನೋಡಿ

ರೇಟಿಂಗ್ ಇಷ್ಟು ಕಮ್ಮಿ ಇರುವ 1997ರ ಹಾರರ್ ಕಾಮಿಡಿ ಸಿನಿಮಾ ‘ಜ್ಯಾಕ್ ಫ್ರಾಸ್ಟ್’ ಅನ್ನು ಕ್ರಿಸ್‌ಮಸ್ ರಾತ್ರಿ ಗೆಳೆಯರ ಜೊತೆ ನೋಡಬಹುದಾ ಅಂತ ಕೇಳಿದ್ದೀರಿ. ಖಂಡಿತ ನೋಡಿ. ನಾನು ಮೂರು ಸಲ ನೋಡಿದ್ದೇನೆ, ಮೂರೂ ಸಲ ಖುಷಿಪಟ್ಟಿದ್ದೇನೆ.

ಕತೆ ಇಷ್ಟೇ. ಮರಣದಂಡನೆಗೆ ಕರೆದೊಯ್ಯುತ್ತಿದ್ದ ಕೊಲೆಗಾರನ ವ್ಯಾನಿಗೂ ರಾಸಾಯನಿಕ ತುಂಬಿದ ಟ್ಯಾಂಕರಿಗೂ ಡಿಕ್ಕಿಯಾಗುತ್ತದೆ. ಅವನ ಮೈ ಕರಗಿ ಹಿಮದಲ್ಲಿ ಬೆರೆತು, ಕ್ಯಾರೆಟ್ ಮೂಗಿನ ಹಿಮದ ಗೊಂಬೆಯಾಗಿ ಎದ್ದು ಬರುತ್ತಾನೆ. ತನ್ನನ್ನು ಹಿಡಿದ ಶೆರಿಫ್ (ಊರಿನ ಪೊಲೀಸ್ ಅಧಿಕಾರಿ) ಮೇಲೆ ಸೇಡು.

ಕೊರತೆ ಬೇಕಾದಷ್ಟಿವೆ. ಹಿಮ ಎಷ್ಟೋ ಕಡೆ ಹತ್ತಿ ಹರಡಿದ ಹಾಗಿದೆ. ಗೊಂಬೆಯ ಕೈ ಸರಿಯಾಗಿ ಅಲ್ಲಾಡುವುದೂ ಇಲ್ಲ. ಆದರೆ ಅದು ನೀರಾಗಿ ಬಾಗಿಲ ಸಂದಿಯಲ್ಲಿ ನುಸುಳಿ, ಆಚೆ ಕಡೆ ಮತ್ತೆ ಹೆಪ್ಪುಗಟ್ಟಿ ನಿಲ್ಲುವುದನ್ನು ನೋಡಿ! ಕಡಿಮೆ ದುಡ್ಡಿನಲ್ಲಿ ಎಂಥ ಒಳ್ಳೆ ಯೋಚನೆ ಅಲ್ವಾ? ಊರಿನವರು ಅದನ್ನು ಎದುರಿಸಲು ಹಿಡಿದು ನಿಲ್ಲುವುದು ಹೇರ್ ಡ್ರೈಯರ್! ಮಗ ಅಪ್ಪನಿಗೆ ಮಾಡಿಕೊಡುವ ಓಟ್ಸ್ ಗಂಜಿಯ ಮೇಲೂ ಕಣ್ಣಿಡಿ. ಅದು ಸುಮ್ನೆ ಬಂದಿಲ್ಲ.

ಬಾತ್‌ಟಬ್ ದೃಶ್ಯ ಮಾತ್ರ ನನಗೆ ಇಷ್ಟವಿಲ್ಲ. ಹೆಣ್ಣಿನ ಮೇಲಿನ ದೌರ್ಜನ್ಯವನ್ನು ತಮಾಷೆ ಮಾಡಿದ್ದಾರೆ. ಅದನ್ನು ಫಾಸ್ಟ್ ಫಾರ್ವರ್ಡ್ ಮಾಡಿಬಿಡಿ.

ಹುಡುಕುವಾಗ ವರ್ಷ ನೋಡಿಕೊಳ್ಳಿ. 1998ರಲ್ಲಿ ಇದೇ ಹೆಸರಿನ, ಮೈಕೆಲ್ ಕೀಟನ್ ನಟಿಸಿದ ಮಕ್ಕಳ ಸಿನಿಮಾ ಬಂದಿದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅದನ್ನೇ ಹಾಕಿ, ಇದನ್ನು ಅವರು ಮಲಗಿದ ಮೇಲೆ.