ಎರಡು ದಂಗೆ, ಒಂದೇ ದ್ವೀಪ

ಶಿರಸಿಯಿಂದ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ಪ್ಯಾರಿಸ್ ಕಮ್ಯೂನ್ ಲೇಖನ ಚೆನ್ನಾಗಿತ್ತು. ಆದರೆ ಕೊನೆಗೆ ಅಲ್ಜೀರಿಯಾವನ್ನು ಯಾಕೆ ಎಳೆದು ತಂದಿರಿ? ಕ್ರಾಂತಿಯ ಪಾಠ ಬೇರೆ, ವಸಾಹತುಗಳ ಪಾಠ ಬೇರೆ. ಮೂವತ್ತು ವರ್ಷ ಹಾಗೇ ಕಲಿಸಿದವನು ನಾನು. ಎಲ್ಲಕ್ಕೂ ಸಾಮ್ರಾಜ್ಯಶಾಹಿಯ ಬಾಲ ಅಂಟಿಸುವುದು ಈಗಿನ ಫ್ಯಾಷನ್ ಇರಬೇಕು. ಇನ್ನೊಂದು: ಫ್ರಾನ್ಸಿನಲ್ಲಿ 1870ರ ಸೆಪ್ಟೆಂಬರ್ 2ರಂದು ಗಣರಾಜ್ಯ ಘೋಷಣೆಯಾಯಿತು ಎಂದು ಬರೆದಿದ್ದೀರಿ. ಅದು ತಪ್ಪು."

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ತಾರೀಖಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಲ್ಜೀರಿಯಾ.

ಶಾಲೆಯಲ್ಲಿ ನಾನೂ ಎರಡನ್ನೂ ಬೇರೆ ಬೇರೆ ಪಾಠವಾಗಿಯೇ ಓದಿದ್ದು. ಆದರೆ 1871ರ ಮಾರ್ಚ್ ತಿಂಗಳನ್ನು ಒಮ್ಮೆ ತೆಗೆದು ನೋಡಿ. 16ನೇ ತಾರೀಖು, ಆಗ ಫ್ರಾನ್ಸಿನ ವಸಾಹತಾಗಿದ್ದ ಅಲ್ಜೀರಿಯಾದ ದೊಡ್ಡ ಮನೆತನವೊಂದರ ಯಜಮಾನ ಮೊಹಮ್ಮದ್ ಎಲ್ ಮೊಕ್ರಾನಿ ತನ್ನ ಜನರನ್ನು ಕಟ್ಟಿಕೊಂಡು ಬೋರ್ಜ್ ಬೂ ಅರೆರಿಜ್ ಎಂಬ ಊರಿಗೆ ಮುತ್ತಿಗೆ ಹಾಕಿದ. 18ನೇ ತಾರೀಖು ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದ ಮೇಲಿದ್ದ ಫಿರಂಗಿಗಳನ್ನು ಎಳೆದೊಯ್ಯಲು ಸರ್ಕಾರದ ಸೈನಿಕರು ಬಂದರು, ಜನ ತಿರುಗಿಬಿದ್ದರು, ಕಮ್ಯೂನ್, ಅಂದರೆ ದಂಗೆ ಎದ್ದ ಪ್ಯಾರಿಸ್ಸಿಗರದೇ ನಗರಾಡಳಿತ, ಶುರುವಾಯಿತು. ನಡುವೆ ಎರಡೇ ದಿನ. ಇವರಿಗೂ ಅವರಿಗೂ ಪರಿಚಯವಿರಲಿಲ್ಲ, ಒಳಸಂಚೂ ಇರಲಿಲ್ಲ. ಆದರೆ ಹಿಂದಿನ ವರ್ಷದ ಜುಲೈನಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಜರ್ಮನ್ ರಾಜ್ಯವಾದ ಪ್ರಷ್ಯಾದ ಮೇಲೆ ಯುದ್ಧ ಸಾರದೆ ಇದ್ದಿದ್ದರೆ ಈ ಎರಡೂ ಆ ವಾರ ಆಗುತ್ತಿರಲಿಲ್ಲ.

ಯುದ್ಧದಲ್ಲಿ ಸೋತ ಮೇಲೆ ಪ್ಯಾರಿಸ್ ಯಾಕೆ ಸಿಡಿಯಿತು ಅಂತ ನಿಮಗೇ ಪಾಠ ಮಾಡಲು ಹೋಗುವುದಿಲ್ಲ. ಮೊಕ್ರಾನಿಯ ಕಥೆ ಮಾತ್ರ ಹೇಳುತ್ತೇನೆ, ಯಾಕಂದರೆ ಅದು ಪಠ್ಯಪುಸ್ತಕದಲ್ಲಿ ಸಿಗುವುದು ಕಡಿಮೆ. 1867-68ರಲ್ಲಿ ಅಲ್ಜೀರಿಯಾದಲ್ಲಿ ಭೀಕರ ಬರ. ತನ್ನ ಜನರ ಹೊಟ್ಟೆಗೂ ಬಿತ್ತನೆಗೂ ಧಾನ್ಯ ಬೇಕು ಅಂತ ಈತ ಸ್ವಂತ ಹೆಸರಿನಲ್ಲಿ ಸಾಲ ಎತ್ತಿದ. ಸಾಲಕ್ಕೆ ಸರ್ಕಾರ ನಿಲ್ಲುತ್ತದೆ ಅಂತ ಗವರ್ನರ್ ಜನರಲ್ ಮ್ಯಾಕ್‌ಮಹೋನ್ ಭರವಸೆ ಕೊಟ್ಟಿದ್ದ. 1870ರಲ್ಲಿ ಚಕ್ರವರ್ತಿ ಬಿದ್ದ, ಗಣರಾಜ್ಯ ಬಂತು. ಹೊಸ ಸರ್ಕಾರ ಆ ಮಾತನ್ನು ಒಪ್ಪಲಿಲ್ಲ. ಸಾಲ ಕೊಟ್ಟವರು ಮನೆ ಬಾಗಿಲಿಗೆ ಬಂದರು. ಬರೀ ಸಾಲಕ್ಕಾಗಿ ದಂಗೆ ಆಯಿತು ಅಂತ ನಾನು ಹೇಳುತ್ತಿಲ್ಲ, ಆದರೆ ಗಣರಾಜ್ಯ ಅನ್ನುವುದು ಆ ಮನುಷ್ಯನ ಅಂಗಳಕ್ಕೆ ಬಂದಿದ್ದು ಹೀಗೆ.

ಇಲ್ಲೇ ನನ್ನ ಮುಖ್ಯ ಮಾತು ಇರುವುದು. ಅಲ್ಜಿಯರ್ಸ್ ನಗರದಲ್ಲಿ ನೆಲೆಸಿದ್ದ ಫ್ರೆಂಚರು ಕಟ್ಟಾ ಗಣರಾಜ್ಯವಾದಿಗಳು. 1870ರ ಶರತ್ಕಾಲದಲ್ಲಿ ಅವರು ಸೇನಾಡಳಿತದ ವಿರುದ್ಧ ಬೀದಿಗಿಳಿದರು, ನಗರಸಭೆಯನ್ನು ಕೈಗೆ ತೆಗೆದುಕೊಂಡರು, ಮುಂದೆ ಪ್ಯಾರಿಸ್ ಕಮ್ಯೂನಿಗೆ ಬೆಂಬಲವನ್ನೂ ಸಾರಿದರು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಸೇನಾಡಳಿತದ ಮೇಲೆ ಅವರಿಗಿದ್ದ ದೊಡ್ಡ ಸಿಟ್ಟೇನೆಂದರೆ, ಸೇನಾಧಿಕಾರಿಗಳು ಅರಬರ ಜಮೀನಿಗೆ ಅಷ್ಟಿಷ್ಟಾದರೂ ಅಡ್ಡ ನಿಲ್ಲುತ್ತಾರೆ ಅನ್ನುವುದು. ಆ ಅಧಿಕಾರಿಗಳೂ ಸಾಧುಗಳಲ್ಲ ಬಿಡಿ, ಊರಿಗೆ ಊರೇ ಸುಟ್ಟವರು. ಆದರೂ ಅವರು ಹೋಗಿ ವಲಸಿಗರ ಕೈಗೆ ಅಧಿಕಾರ ಬರುವುದೆಂದರೆ ಏನು ಅಂತ ಅಲ್ಲಿನ ರೈತರಿಗೆ ಚೆನ್ನಾಗಿ ಗೊತ್ತಿತ್ತು. ಒಬ್ಬರ ಸ್ವಾತಂತ್ರ್ಯದ ಘೋಷಣೆ ಇನ್ನೊಬ್ಬರಿಗೆ ಜಪ್ತಿ ನೋಟಿಸಿನ ಹಾಗೆ ಕೇಳಿಸಿದರೆ ಆಶ್ಚರ್ಯವೇನು?

ಜಪ್ತಿಯೂ ಆಯಿತು. ಮೇ 5ರಂದು ಮೊಕ್ರಾನಿ ಗುಂಡಿಗೆ ಬಿದ್ದ. ದಂಗೆ ಅಡಗುವಷ್ಟರಲ್ಲಿ ಮುಂದಿನ ವರ್ಷ ಬಂದಿತ್ತು. ದಂಗೆ ಎದ್ದ ಬುಡಕಟ್ಟುಗಳ ಮೇಲೆ 36 ದಶಲಕ್ಷ ಫ್ರಾಂಕ್ ದಂಡ ಹಾಕಿದರು, ಸುಮಾರು ನಾಲ್ಕೂವರೆ ಲಕ್ಷ ಹೆಕ್ಟೇರ್ ಭೂಮಿ ಕಿತ್ತುಕೊಂಡರು. ಇತ್ತ ಯುರೋಪಿನಲ್ಲಿ ಫ್ರಾನ್ಸಿನ ಆಲ್ಸೇಸ್ ಮತ್ತು ಲೊರೇನಿನ ಒಂದು ಭಾಗ ಜರ್ಮನಿಯ ಪಾಲಾಗಿತ್ತು. ಆ ಜರ್ಮನ್ ಆಳ್ವಿಕೆ ಬೇಡವೆಂದು ಬರುವ ಜನರಿಗೆ ಕೊಡಲು 1871ರ ಜೂನಿನಲ್ಲೇ ಫ್ರಾನ್ಸಿನ ರಾಷ್ಟ್ರೀಯ ಸಭೆ ಒಂದು ಲಕ್ಷ ಹೆಕ್ಟೇರ್ ಎತ್ತಿಟ್ಟಿತು. ಎಲ್ಲಿ? ಅಲ್ಜೀರಿಯಾದಲ್ಲಿ. ಬಿಸ್ಮಾರ್ಕ್ ಕಿತ್ತುಕೊಂಡ ನೆಲದ ಲೆಕ್ಕವನ್ನು ಅಲ್ಜೀರಿಯಾದ ರೈತ ತೀರಿಸಬೇಕಾಯಿತು. ಇದನ್ನು ಯಾವ ಪಾಠಕ್ಕೆ ಸೇರಿಸುತ್ತೀರಿ, ಮೇಷ್ಟ್ರೇ? ಯುದ್ಧಕ್ಕೋ, ವಸಾಹತಿಗೋ?

ಇನ್ನು ಆ ಮ್ಯಾಕ್‌ಮಹೋನ್. ಅಲ್ಜೀರಿಯಾದಿಂದ ಯುದ್ಧಕ್ಕೆ ಹೋದ, ಸೆಡಾನಿನಲ್ಲಿ ಸೋತ, 1871ರ ಮೇನಲ್ಲಿ ಪ್ಯಾರಿಸ್ಸಿಗೆ ನುಗ್ಗಿ ಕಮ್ಯೂನನ್ನು ರಕ್ತದಲ್ಲಿ ಮುಳುಗಿಸಿದ ಸೇನೆಯ ಮುಖ್ಯಸ್ಥನೂ ಆದ. 1873ರಲ್ಲಿ ಅಧ್ಯಕ್ಷನಾದ! ಅವನಿಗಿಂತ ಮೊದಲು ಕವೆನ್ಯಾಕ್ ಇದ್ದ. 1848ರ ವಸಂತದಲ್ಲಿ ಅಲ್ಜೀರಿಯಾದ ಗವರ್ನರ್, ಜೂನಿನಲ್ಲಿ ಪ್ಯಾರಿಸ್ಸಿನ ಕೂಲಿಕಾರರ ಮೇಲೆ ಫಿರಂಗಿ ಹಾರಿಸಿದವನು. ಎರಡೂ ಕಡೆ ಅದೇ ಕೈ.

ಸೋತವರೂ ಒಂದೇ ಕಡೆ ಸೇರಿದರು. 1853ರಲ್ಲಿ ಫ್ರಾನ್ಸ್ ಹಿಡಿದುಕೊಂಡಿದ್ದ ಶಾಂತಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಕಮ್ಯೂನ್ ಕೈದಿಗಳನ್ನು ಸಾಗಿಸಿದರು. ಮೊಕ್ರಾನಿಯ ತಮ್ಮ ಬೂಮೆಜ್ರಾಗ್ ಮತ್ತು ಅವನ ಜೊತೆಯವರನ್ನೂ ಅಲ್ಲಿಗೇ ಕಳಿಸಿದರು. ಆಮೇಲೆ ನಡೆದಿದ್ದೇ ನನಗೆ ನಿದ್ದೆ ಕೆಡಿಸಿದ ಭಾಗ. 1878ರಲ್ಲಿ ಆ ದ್ವೀಪದ ಮೂಲನಿವಾಸಿಗಳಾದ ಕನಕರು, ತಮ್ಮ ಗೆಡ್ಡೆ ಗೆಣಸಿನ ತೋಟಗಳಿಗೆ ವಲಸಿಗರ ದನ ನುಗ್ಗುವುದನ್ನು ನೋಡಿ ನೋಡಿ ಸಾಕಾಗಿ, ಅತಾಯ್ ಎಂಬ ಮುಖಂಡನ ಹಿಂದೆ ದಂಗೆ ಎದ್ದರು. ಸಮಾನತೆಗಾಗಿ ಪ್ಯಾರಿಸ್ಸಿನಲ್ಲಿ ಜೀವ ಒತ್ತೆ ಇಟ್ಟಿದ್ದ ಕೈದಿಗಳಲ್ಲಿ ಹಲವರು ಸರ್ಕಾರದ ಕಡೆ ನಿಂತರು. ಕೆಲವರು ಬಂದೂಕನ್ನೂ ಹಿಡಿದರು. ಬೂಮೆಜ್ರಾಗ್ ಮತ್ತವನ ಜೊತೆಗಿದ್ದ ಅಲ್ಜೀರಿಯಾದ ಕಬೀಲಿಯಾ ಪ್ರದೇಶದವರೂ ಕನಕರ ವಿರುದ್ಧ ಹೋದರು, ಕ್ಷಮೆ ಸಿಗುತ್ತದೆ ಅನ್ನುವ ಆಸೆಯಿಂದ. ನಾನು ಅವರನ್ನು ಬೈಯಲಾರೆ. ಸಾವಿರಾರು ಮೈಲಿ ಆಚೆ ಮನೆ ಬಿಟ್ಟು ಬಂದವನಿಗೆ ಊರಿನ ಹಂಬಲ ಏನೇನು ಮಾಡಿಸುತ್ತದೋ.

ಲೂಯಿಸ್ ಮಿಶೆಲ್ ಮಾತ್ರ ಬೇರೆ ಥರ. ಪ್ಯಾರಿಸ್ಸಿನ ಈ ಟೀಚರಮ್ಮ ಗಡಿಪಾರಾಗಿ ಅಲ್ಲಿಗೆ ಹೋಗಿ, ಕನಕರ ಭಾಷೆ ಕಲಿತು, ಅವರಿಗೆ ಪಾಠ ಹೇಳಿದವರು. ದಂಗೆಗೆ ಹೊರಟ ಇಬ್ಬರು ಕನಕರು ವಿದಾಯ ಹೇಳಲು ಬಂದಾಗ, ಕಮ್ಯೂನ್ ಕಾಲದಿಂದ ಬಚ್ಚಿಟ್ಟುಕೊಂಡಿದ್ದ ತಮ್ಮ ಕೆಂಪು ಶಾಲನ್ನು ಎರಡು ಹೋಳು ಮಾಡಿ ಕೊಟ್ಟೆ ಅಂತ ಅವರೇ ಬರೆದುಕೊಂಡಿದ್ದಾರೆ. ಹಾಗಾಗಿ ಕ್ರಾಂತಿಕಾರಿಗಳೆಲ್ಲ ಒಳಗೊಳಗೇ ಸಾಮ್ರಾಜ್ಯವಾದಿಗಳು ಅನ್ನುವ ವಾದವೂ ನನ್ನದಲ್ಲ.

ಅತಾಯ್‌ನನ್ನು ಕೊಂದು ತಲೆಯನ್ನು ಪ್ಯಾರಿಸ್ಸಿಗೆ ಕಳಿಸಿದರು. ತಲೆಬುರುಡೆ ವಾಪಸ್ ಅವನ ಜನರ ಕೈ ಸೇರಿದ್ದು 2014ರಲ್ಲಿ. ಕಮ್ಯೂನಿನವರಿಗೆ 1880ರಲ್ಲೇ ಕ್ಷಮೆ ಸಿಕ್ಕಿತು, ಹಡಗು ಹತ್ತಿ ಊರಿಗೆ ಬಂದರು. ಕಬೀಲಿಯಾದವರ ಹೆಸರು ಆ ಕ್ಷಮೆಯಲ್ಲಿ ಇರಲಿಲ್ಲ. ಲೇಖನದ ಕೊನೆಗೆ ಅಲ್ಜೀರಿಯಾ ತಂದಿದ್ದು ಇದಕ್ಕೇ, ಮೇಷ್ಟ್ರೇ. ನಿಜ ಹೇಳಬೇಕೆಂದರೆ ಅದನ್ನು ಎರಡು ಸಾಲಿನಲ್ಲಿ ಮುಗಿಸಿದ್ದು ನಮ್ಮ ತಪ್ಪು. ಅಷ್ಟರಲ್ಲಿ ನಿಮಗೆ ಅದು ಸುಮ್ನೆ ಬಾಲ ಅಂಟಿಸಿದ ಹಾಗೆ ಕಂಡಿದ್ದರೆ ಸಹಜವೇ.

ತಾರೀಖಿನ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ. ಸೆಪ್ಟೆಂಬರ್ 2 ಚಕ್ರವರ್ತಿ ಸೆಡಾನಿನಲ್ಲಿ ಶರಣಾದ ದಿನ, ಗಣರಾಜ್ಯ ಘೋಷಣೆಯಾಗಿದ್ದು 4ರಂದು. ಪ್ರೂಫ್ ನೋಡಿದ್ದು ನಾನೇ, ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ.