ಟೆರಿಯರ್ ನಾಯಿಯ ವಾಕಿಂಗು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ವರ್ಷದ ಜ್ಯಾಕ್ ರಸೆಲ್ ಟೆರಿಯರ್ ಗಂಡುನಾಯಿ ಇದೆ. ನಮ್ಮ ತಂದೆಯವರು ದಿನವೂ ಬೆಳಿಗ್ಗೆ ನಲವತ್ತು ನಿಮಿಷ ಅದನ್ನು ವಾಕಿಂಗಿಗೆ ಕರೆದೊಯ್ಯುತ್ತಾರೆ. ದಾರಿಯುದ್ದಕ್ಕೂ ಬೆಲ್ಟ್ ಜಗ್ಗುತ್ತದೆ, ಕಂಬ ಕಂಬಕ್ಕೂ ನಿಲ್ಲುತ್ತದೆ. ಮನೆಗೆ ಬಂದ ಮೇಲೂ ದಣಿವಿಲ್ಲದೆ ದಾಸವಾಳದ ಪಾತಿಯನ್ನು ಕೆದಕಿ ಹಾಕುತ್ತದೆ. ವಾಕಿಂಗಿನ ಹೊತ್ತನ್ನು ಇನ್ನೂ ಹೆಚ್ಚಿಸಬೇಕೆ?
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಹೊತ್ತನ್ನು ಹೆಚ್ಚಿಸುವ ಮೊದಲು ಆ ನಲವತ್ತು ನಿಮಿಷಗಳಲ್ಲಿ ನಾಯಿಗೆ ಏನು ದಕ್ಕುತ್ತಿದೆ ಎಂಬುದನ್ನು ನೋಡಬೇಕು. ನಿಮ್ಮ ತಂದೆಯವರಿಗೆ ವಾಕಿಂಗೆಂದರೆ ಕಾಲಿನ ಕೆಲಸ. ಟೆರಿಯರ್‌ಗೆ ಅದು ಮೂಗಿನ ಕೆಲಸ. ಮೂಸಲು ನಿಂತಾಗಲೆಲ್ಲ ಎಳೆದುಕೊಂಡು ಹೋದರೆ ನಾಯಿ ಎಷ್ಟು ದೂರ ನಡೆದರೂ ಅದರ ಕೆಲಸ ಅರ್ಧಕ್ಕೇ ನಿಂತಂತಾಗುತ್ತದೆ, ಆ ಉಳಿದ ಅರ್ಧವನ್ನು ಅದು ನಿಮ್ಮ ದಾಸವಾಳದ ಬುಡದಲ್ಲಿ ಮುಗಿಸಿಕೊಳ್ಳುತ್ತದೆ.

ಟೆರಿಯರ್ ಎಂಬ ಹೆಸರಿನ ಮೂಲದಲ್ಲಿರುವುದು ನೆಲ, ಮಣ್ಣು ಎಂಬ ಅರ್ಥದ ಲ್ಯಾಟಿನ್ ಪದ. ನಿಮ್ಮ ನಾಯಿಯ ತಳಿಗೆ ಹೆಸರು ಕೊಟ್ಟವರು ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಪಾದ್ರಿ ಜಾನ್ ರಸೆಲ್. ಅವರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲು ಮಾರುವವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣುನಾಯಿಯನ್ನು ಕೊಂಡರೆಂದೂ ಅದೇ ಈ ತಳಿಯ ಮೊದಲ ತಾಯಿಯೆಂದೂ ತಳಿಯ ಇತಿಹಾಸ ಹೇಳುತ್ತದೆ. ನರಿಯ ಬಿಲದೊಳಗೆ ನುಗ್ಗಿ, ಅದನ್ನು ಕೊಲ್ಲದೆ, ಬೊಗಳಿ ಬೊಗಳಿ ಹೊರಕ್ಕೆ ಎಬ್ಬಿಸುವುದು ಈ ನಾಯಿಗಳ ಕಸುಬಾಗಿತ್ತು. ಕತ್ತಲೆಯ ಬಿಲದಲ್ಲಿ ಯಜಮಾನನ ಮುಖ ಕಾಣುವುದಿಲ್ಲ, ಅವನ ಸನ್ನೆಯೂ ತಿಳಿಯುವುದಿಲ್ಲ. ಮುಂದಿನ ಹೆಜ್ಜೆಯನ್ನು ನಾಯಿಯೇ ತೀರ್ಮಾನಿಸಬೇಕು. ನಾವು ಹಠವೆಂದು ಬೈಯುವ ಗುಣ ಆ ತೀರ್ಮಾನಶಕ್ತಿಯೇ ಆಗಿದೆ. ಅದನ್ನು ಹೊಡೆದು ಬಿಡಿಸಲು ಹೊರಡುವುದು ತಪ್ಪು ಮಾತ್ರವಲ್ಲ, ಆ ಜೀವಕ್ಕೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ.

ನಾನು ಬಸವನಗುಡಿಯಲ್ಲಿದ್ದಾಗ ಸಾಕಿದ್ದ ಚುಕ್ಕಿ ಎಂಬ ಟೆರಿಯರ್ ನನಗೆ ಇದನ್ನು ಕಲಿಸಿತು. ನಮ್ಮ ಬೀದಿಯ ತುದಿಯಲ್ಲಿ ಎಳನೀರು ಮಾರುವವರು ಖಾಲಿ ಬುರುಡೆಗಳನ್ನು ಗುಡ್ಡೆ ಹಾಕುತ್ತಿದ್ದರು, ಅದರಡಿಯ ಚರಂಡಿಯ ಕಲ್ಲುಚಪ್ಪಡಿಯ ಸಂದಿನಲ್ಲಿ ಹೆಗ್ಗಣಗಳಿದ್ದವು. ಅಲ್ಲಿಗೆ ಬಂದೊಡನೆ ಚುಕ್ಕಿ ಮುಂಗಾಲೊಂದನ್ನು ಮಡಿಸಿ ಎತ್ತಿ, ಕಿವಿ ಮುಂದಕ್ಕೆ ಚಾಚಿ, ಉಸಿರನ್ನೇ ಬಿಗಿಹಿಡಿದಂತೆ ನಿಲ್ಲುತ್ತಿತ್ತು. ಮೋಟುಬಾಲದ ತುದಿ ಮಾತ್ರ ಸಣ್ಣಗೆ ಅದುರುತ್ತಿತ್ತು. ಮೊದಲ ಕೆಲವು ತಿಂಗಳು ನಾನು ಅದನ್ನು ಜಗ್ಗಿಕೊಂಡೇ ಹೋದೆ. ಒಂದು ದಿನ ಮೊಣಕಾಲು ನೋವಿನಿಂದ ನಡೆಯಲಾಗದೆ ಅಲ್ಲಿಯೇ ಕಟ್ಟೆಯ ಮೇಲೆ ಕುಳಿತುಬಿಟ್ಟಾಗ, ಚುಕ್ಕಿ ಹತ್ತು ನಿಮಿಷ ಆ ಸಂದನ್ನು ಮೂಸಿ, ಸುತ್ತಿ, ಕೊನೆಗೆ ಒಮ್ಮೆ ಜೋರಾಗಿ ಸೀನಿ, ತಾನಾಗಿಯೇ ನನ್ನ ಕಾಲ ಬಳಿ ಬಂದು ಮಲಗಿತು. ಅಂದು ನಾವು ನಡೆದದ್ದು ಇನ್ನೂರು ಗಜವೂ ಇರಲಾರದು, ಆದರೂ ಮನೆಗೆ ಬಂದ ಚುಕ್ಕಿ ಮಧ್ಯಾಹ್ನದವರೆಗೆ ಗಾಢವಾಗಿ ನಿದ್ರಿಸಿತು.

ಆದ್ದರಿಂದ ಕುತ್ತಿಗೆಯ ಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ತನ್ನಿ. ಜಗ್ಗುವ ನಾಯಿಯ ಗಂಟಲಿಗೆ ಅದು ಕ್ಷೇಮ. ವಾಹನಗಳಿಲ್ಲದ ಬಯಲಿನಲ್ಲಿ ಐದು ಮೀಟರ್ ಉದ್ದದ ಹಗ್ಗ ಕಟ್ಟಿ, ದಾರಿಯನ್ನು ಅದರ ಮೂಗಿಗೇ ಬಿಡಿ. ರಸ್ತೆಯಲ್ಲಿ ಜಗ್ಗಿದಾಗ ನೀವೂ ಜಗ್ಗದೆ ನಿಂತುಬಿಡಿ, ಹಗ್ಗ ಸಡಿಲವಾದ ಕ್ಷಣ ಮುಂದೆ ನಡೆಯಿರಿ. ಮನೆಮಂದಿಯೆಲ್ಲ ಇದೇ ಕ್ರಮ ಪಾಲಿಸಿದರೆ ಕೆಲವು ವಾರಗಳಲ್ಲಿ ನಾಯಿಗೆ ಲೆಕ್ಕ ತಿಳಿಯುತ್ತದೆ. ಕೆದಕುವುದನ್ನು ನಿಲ್ಲಿಸಲು ಹೋಗಬೇಡಿ. ಹಿತ್ತಲಿನ ಮೂಲೆಯಲ್ಲಿ ನಾಲ್ಕು ಇಟ್ಟಿಗೆ ಜೋಡಿಸಿ ಮರಳು ತುಂಬಿಸಿ, ಅದರಲ್ಲಿ ಬೇಯಿಸಿದ ಕ್ಯಾರೆಟ್ ತುಂಡುಗಳನ್ನು ಹೂತಿಡಿ. ದಾಸವಾಳ ಉಳಿಯುವುದಕ್ಕೆ ನಾನು ಕಂಡ ದಾರಿ ಇದೊಂದೇ.

ಪ್ರಶ್ನೆ: ನಮ್ಮದು ಅಡಿಕೆ ತೋಟದ ಮನೆ. ಫಾಕ್ಸ್ ಟೆರಿಯರ್ ತೋಟದ ದರಗಿನಲ್ಲೆಲ್ಲ ನುಗ್ಗುತ್ತದೆ. ಮೊನ್ನೆ ಕಪ್ಪೆಯೊಂದನ್ನು ಕಚ್ಚಿ ಬಾಯಿತುಂಬ ನೊರೆ ಸುರಿಸಿತು. ತೋಟದಲ್ಲಿ ಸುತ್ತಾಡಿಸುವುದನ್ನು ಬಿಡಬೇಕೆ?
— ಓದುಗರು, ಸಾಗರ ತಾಲ್ಲೂಕು

ಉತ್ತರ: ಬಿಡಬೇಕಾಗಿಲ್ಲ, ಆದರೆ ಕಟ್ಟಿಲ್ಲದೆ ಬಿಡಬಾರದು. ಅದು ಕಚ್ಚಿದ್ದು ಮೈಮೇಲೆ ಗಂಟುಗಳಿರುವ ನೆಲಗಪ್ಪೆ ಇರಬೇಕು. ಅದರ ಚರ್ಮದ ಗ್ರಂಥಿಗಳಲ್ಲಿ ವಿಷದ ರಸವಿದೆ. ಹಾಗಾದಾಗ ನೀರು ಗಂಟಲಿಗೆ ಇಳಿಯದಂತೆ ಮೂತಿಯನ್ನು ಕೆಳಗೆ ಬಾಗಿಸಿ, ಒಸಡು ನಾಲಿಗೆಗಳನ್ನು ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿ. ನಡುಕ, ತೂರಾಟ ಕಂಡರೆ ತಡಮಾಡದೆ ಪಶುವೈದ್ಯರಲ್ಲಿಗೆ ಹೋಗಿ.

ಹಾವಿನ ವಿಷಯದಲ್ಲಿ ಟೆರಿಯರ್ ಹಿಂದೆ ಸರಿಯುವ ನಾಯಿಯಲ್ಲ, ಆ ಧೈರ್ಯವೇ ಅದಕ್ಕೆ ಮುಳುವು. ನಾಗರವೋ ಕೊಳಕುಮಂಡಲವೋ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿಗೆ ಓಡಾಡುವುದು ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಿ, ಪ್ರತಿವಿಷ ನಾಯಿಗೂ ಕೆಲಸ ಮಾಡುತ್ತದೆ. ಹತ್ತಿರದ ಯಾವ ಪಶು ಆಸ್ಪತ್ರೆಯಲ್ಲಿ ಅದು ದೊರೆಯುತ್ತದೆ ಎಂಬುದನ್ನು ಇಂದೇ ವಿಚಾರಿಸಿಟ್ಟುಕೊಳ್ಳಿ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ತಗಲುವುದರಿಂದ ಮಳೆಗಾಲಕ್ಕೆ ಮುನ್ನ ಅದರ ಲಸಿಕೆಯನ್ನೂ ಹಾಕಿಸಬೇಕು.

ನಿಮ್ಮ ಕಡೆಗೆ ಇನ್ನೊಂದು ಮಾತು ಅಗತ್ಯ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಿಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣ್ಣೆಗಳ ಕಾಟ ಒಣಹವೆಯ ತಿಂಗಳುಗಳಲ್ಲಿ, ಡಿಸೆಂಬರಿನಿಂದ ಮೇ ತಿಂಗಳವರೆಗೆ, ಹೆಚ್ಚು. ಕಾಡಂಚಿಗೆ ಹೋದ ನಾಯಿ ಉಣ್ಣೆಗಳನ್ನು ಮೈಮೇಲೆ ಹೊತ್ತು ಮನೆಯ ಜಗುಲಿಗೇ ತರಬಲ್ಲದು. ಆ ತಿಂಗಳುಗಳಲ್ಲಿ ಕಾಡಿನ ಕಡೆಗೆ ಹೋಗದಿರುವುದೇ ಮೇಲು. ತೋಟದಿಂದ ಬಂದ ನಂತರವೂ ಕಿವಿಯ ಒಳಬದಿ, ಕಂಕುಳು, ಕಾಲ್ಬೆರಳುಗಳ ಸಂದುಗಳನ್ನು ಬೆಳಕಿನಲ್ಲಿ ಹುಡುಕಿ. ಸಿಕ್ಕ ಉಣ್ಣೆಯನ್ನು ಬರಿಗೈಯಲ್ಲಿ ಹೊಸಕಬೇಡಿ. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು, ಸಾಬೂನು ನೀರಿನ ಡಬ್ಬಿಗೆ ಹಾಕಿ.

ಪ್ರಶ್ನೆ: ಬೀದಿನಾಯಿಗಳು ಬಂದಾಗ ನಮ್ಮ ಅತ್ತೆಯವರು ಟೆರಿಯರ್ ಅನ್ನು ಎತ್ತಿಕೊಂಡುಬಿಡುತ್ತಾರೆ. ಇದು ಸರಿಯೆ?
— ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಅವರ ಅಕ್ಕರೆ ಅರ್ಥವಾಗುತ್ತದೆ, ಆದರೆ ಎತ್ತಿಕೊಂಡರೆ ಉಳಿದ ನಾಯಿಗಳು ಅವರ ಮೈಮೇಲೆಯೇ ಹಾರಬಹುದು. ದಿನವೂ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಹೋಗಿ. ಆ ಬೀದಿಯ ನಾಯಿಗಳಿಗೆ ನಿಮ್ಮ ಗುರುತು ಹತ್ತುತ್ತದೆ. ದೂರದಲ್ಲಿ ಗುಂಪು ಕಂಡರೆ ಓಡದೆ, ಕೋಲು ಬೀಸದೆ, ನಿಧಾನವಾಗಿ ಇನ್ನೊಂದು ಬದಿಗೆ ದಾಟಿರಿ. ಕಚ್ಚಾಟವಾದರೆ, ಲಸಿಕೆ ಹಾಕಿಸಿದ್ದರೂ ನಾಯಿಯನ್ನು ವೈದ್ಯರಿಗೆ ತೋರಿಸಬೇಕು. ಅತ್ತೆಯವರಿಗೆ ಹಲ್ಲು ತಾಗಿ ಗೀರಾದರೂ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.